ಟೈಟನ್ ಕೈಗಡಿಯಾರ ಕಾರ್ಖಾನೆ, ಹೊಸೂರು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರಿನಲ್ಲಿರುವ ಕಾರ್ಖಾನೆ. ದೂರದೃಷ್ಟಿಯ ನಾಯಕತ್ವಕ್ಕೂ ಆರೋಗ್ಯಕರ ಕೆಲಸದ ವಾತಾವರಣಕ್ಕೂ ಹೆಸರಾದುದು. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾಭಿವೃದ್ಧಿ ನಿಗಮ 1984ರಲ್ಲಿ ಜಂಟಿಯಾಗಿ ಸ್ಥಾಪಿಸಿದ ಟೈಟನ್ ಕಂಪನಿಗೆ ಸೇರಿದೆ. ಕರ್ನಾಟಕದ ಗಡಿಗೆ ಹೊಂದಿಕೊಂಡ, ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿವೆ.

ಕಂಪನಿಯ ಮೊದಲ ವ್ಯವಸ್ಥಾಪಕ ನಿರ್ದೇಶಕ ಜೆರ್ಕ್ಸೀಸ್ ದೇಸಾಯಿ. ಅವರ ಕಾಲದಲ್ಲಿ, ಆಗಷ್ಟೇ ಶಾಲೆ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರನ್ನು ಆರಿಸಿ, ಕೆಲಸ ಕಲಿಸಿ ಸೇರಿಸಿಕೊಳ್ಳಲಾಯಿತು. ಮನೆಬಿಟ್ಟು ಬಂದ ಈ ಎಳೆಯರ ಊಟ, ವಸತಿ ನೋಡಿಕೊಳ್ಳಲು ಪಾಲಕ ದಂಪತಿಗಳನ್ನು ನೇಮಿಸಲಾಗಿತ್ತು. ನೌಕರರಿಗಾಗಿ ಬಡಾವಣೆ, ಮಕ್ಕಳಿಗಾಗಿ ಶಾಲೆ ಬಂದವು. ಅಂಗವಿಕಲರಿಗೂ ಅವರ ಸಾಮರ್ಥ್ಯಕ್ಕೆ ಹೊಂದುವ ಕೆಲಸ ಕೊಡಲಾಯಿತು.

1990ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ಸುತ್ತಲ ಹಳ್ಳಿಗಳ ಮಹಿಳೆಯರು 'ಮೆಡೊ' ಎಂಬ ಉದ್ಯಮ ಕಟ್ಟಿದರು. ಟೈಟನ್ ಗಡಿಯಾರದ ಲೋಹದ ಪಟ್ಟಿಯ ಕೊಂಡಿಗಳನ್ನು ಜೋಡಿಸುವಂಥ ಕೆಲಸ ಅವರ ಕೈಗೆ ಬಂತು. ಅವರು ಬರಿಯ ಕೂಲಿಯವರಾಗದೆ ಉದ್ಯಮದ ಪಾಲುದಾರರೂ ಆದುದು ಇದರ ಹೆಚ್ಚುಗಾರಿಕೆ.

ಕೈಗಡಿಯಾರದ ಜೋಡಣೆಗೆ ನುರಿತ ಬೆರಳು, ತಾಳ್ಮೆ, ಏಕಾಗ್ರತೆ ಬೇಕು. ಗದರಿಸಿ ದುಡಿಸುವಲ್ಲಿ ನೌಕರರು ತಪ್ಪನ್ನು ಮುಚ್ಚಿಡುತ್ತಾರೆ; ನಂಬಿಕೆಯಿರುವಲ್ಲಿ ಕೂಡಲೇ ತಿಳಿಸುತ್ತಾರೆ, ಗುಣಮಟ್ಟ ಉಳಿಯುತ್ತದೆ. 2002ರಲ್ಲಿ ಮಾರುಕಟ್ಟೆಗೆ ಬಂದ, ಕೇವಲ 3.5 ಮಿ.ಮೀ. ದಪ್ಪದ 'ಎಡ್ಜ್' ಕೈಗಡಿಯಾರ ಇಲ್ಲಿನ ಕುಶಲತೆಯ ಫಲ. ನೌಕರರ ತರಬೇತಿ, ಕುಟುಂಬದ ನೆಮ್ಮದಿ ಮತ್ತು ಸುತ್ತಲ ಊರುಗಳ ಏಳಿಗೆಯನ್ನು ಉತ್ಪಾದನೆಯೊಂದಿಗೆ ಬೆಸೆದದ್ದು ಈ ಕಾರ್ಖಾನೆಯ ಮುಖ್ಯ ಸಾಧನೆ.