ಕೊನೆಯ ಹರದಾರಿ

ಅಮೆರಿಕೆಯಲ್ಲಿ ಮಗನ ಮನೆಗೆ ಹೋಗಿದ್ದ ನನ್ನ ಅಕ್ಕ ಹೋದ ವರ್ಷ ಹಿಂದಿರುಗಿದಳು. ಅವಳನ್ನು ಎದುರುಗೊಳ್ಳಲು ನಾನು ರಾಯಚೂರಿನಿಂದ ಹೈದರಾಬಾದಿಗೆ ಹೋಗಿದ್ದೆ. ಏಳು ಸಮುದ್ರ ದಾಟಿ ಬಂದವಳ ಮುಖದಲ್ಲಿ ಅಂಥ ಆಯಾಸವೇನೂ ಕಾಣಲಿಲ್ಲ. ಆಯಾಸ ಶುರುವಾದದ್ದು ಆಮೇಲೆ. ತಲಾ 23 ಕಿಲೋ ತೂಕದ ಎರಡು ಪೆಟ್ಟಿಗೆ, ಜೊತೆಗೊಂದು ಕೈಚೀಲ, ನೋಯುವ ಮೊಣಕಾಲು, ರಾತ್ರಿ ಹನ್ನೊಂದರ ಸಮಯ. ಆ ಹೊತ್ತಿನಲ್ಲಿ ರಾಯಚೂರಿನ ದಾರಿ ಹಿಡಿಯುವುದು ಆಗದ ಮಾತೆಂದು ನಗರದೊಳಗೆ ಒಂದು ಖೋಲಿಯನ್ನು ಗೊತ್ತುಮಾಡಿದ್ದೆ. ಟ್ಯಾಕ್ಸಿಯವನು ಗಲ್ಲಿಯ ಬಾಯಲ್ಲಿ ನಮ್ಮನ್ನು ಇಳಿಸಿದ. ಮುಂದೆ ರಸ್ತೆ ಅಗೆದಿತ್ತು. ಖೋಲಿ ಇದ್ದದ್ದು ಎರಡನೆಯ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು.

ಎದುರಿನ ಗೋದಾಮಿನ ಕಟ್ಟೆಯ ಮೇಲೆ ಕುಳಿತಿದ್ದ ಹಮಾಲನೊಬ್ಬ ನಾವು ಕನ್ನಡದಲ್ಲಿ ಪೇಚಾಡುವುದನ್ನು ಕೇಳಿ ಎದ್ದು ಬಂದ. ಟವೆಲ್ಲನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡ. ಒಂದು ಪೆಟ್ಟಿಗೆ ತಲೆಯ ಮೇಲೆ, ಇನ್ನೊಂದು ಕೈಯಲ್ಲಿ.

“ಯಾವೂರಪ್ಪಾ ನಿಂದು?” ಎಂದು ಅಕ್ಕ ಕೇಳಿದಳು.

“ದೇವದುರ್ಗದ ಕಡೀಯವರ್ರಿ ಅವ್ವಾರ. ಗುಳೆ ಬಂದು ಆರು ವರ್ಷಾತು.”

ಚರಿತ್ರೆಯ ಪುಸ್ತಕಗಳು ಪ್ರಯಾಣವನ್ನು ಕುರಿತು ಬರೆಯುವಾಗ ಹಡಗು, ರೈಲು, ವಿಮಾನಗಳ ಹೆಸರು ಹೇಳುತ್ತವೆ. ಇಂಥ ವರ್ಷ ಇಂಥ ದಾರಿ ತೆರೆಯಿತೆನ್ನುತ್ತವೆ. ವಾಹನ ನಿಂತ ಜಾಗದಿಂದ ತಲೆಯೂರುವ ಜಾಗದವರೆಗಿನ ಕೊನೆಯ ಹರದಾರಿಯ ಮಾತು ಮಾತ್ರ ಅವುಗಳಲ್ಲಿ ಅಪರೂಪ. ಗಂಟುಮೂಟೆಯವನಿಗೆ ನಿಜವಾದ ಪ್ರಯಾಣ ಅದೇ. ನಮ್ಮ ರಾಯಚೂರು ಸೀಮೆಯ ಚರಿತ್ರೆಯನ್ನು ಈ ಕಡೆಯಿಂದ ಒಮ್ಮೆ ನೋಡಬಹುದಲ್ಲವೆ ಎಂದು ಅಂದಿನಿಂದ ನನಗೆ ಅನಿಸುತ್ತಿದೆ.

ಇದಕ್ಕೆ ಮೊದಲ ಸಾಕ್ಷಿ ರಾಯಚೂರಿನ ಕೋಟೆಯಲ್ಲೇ ಇದೆ. ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಅಧಿಕಾರಿ ಗೋರೆ ಗನ್ನಯ ರೆಡ್ಡಿಯ ಕೈಕೆಳಗಿನ ವಿಠಲನೆಂಬ ದಂಡನಾಯಕನು ಆದವಾನಿ, ತುಂಬಳ, ಮಾನುವ, ಹಾಲುವಗಳನ್ನು ಗೆದ್ದು, ರಾಯಚೂರಿಗೆ ಬಂದು ಈ ಕೋಟೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಮಾನುವವೆಂದರೆ ನಮ್ಮ ಮಾನವಿ. ಆದರೆ ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ತೋರಿಸುವುದು ಶಾಸನದ ಅಕ್ಷರಗಳಿಗಿಂತ ಹೆಚ್ಚಾಗಿ ಅದರ ಪಕ್ಕದ ರೇಖಾಚಿತ್ರವನ್ನು. ಆ ಕಲ್ಲನ್ನೇ ಬಂಡಿಯ ಮೇಲೆ ಹೇರಿ ತರುತ್ತಿರುವ ಚಿತ್ರ ಅದು. ಮುಂದೆ ಕೋಣಗಳ ಉದ್ದನೆಯ ಸಾಲು, ಅವನ್ನು ಹೊಡೆಯುವವರು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ಒತ್ತುವ ಆಳುಗಳು.

ಎಷ್ಟೋ ಕೋಟೆಗಳನ್ನು ನೋಡಿದ್ದೇನೆ. ಕಟ್ಟಿಸಿದವನ ಹೆಸರು ಎಲ್ಲೆಲ್ಲೂ ಸಿಗುತ್ತದೆ. ಕಲ್ಲು ಗಣಿಯಿಂದ ಗೋಡೆಗೆ ಹೇಗೆ ಬಂತೆಂದು ತೋರಿಸಬೇಕೆಂಬ ಬುದ್ಧಿ ಹೊಳೆದದ್ದು ನಾನು ಕಂಡಂತೆ ಇಲ್ಲಿನ ಶಿಲ್ಪಿಗೆ ಮಾತ್ರ. ಅವನು ಅತಿಶಯವನ್ನೇನೂ ಮಾಡಿಲ್ಲ. ಕೋಣಗಳು ಎಳೆದದ್ದೂ ಉಂಟು, ಎಳೆದದ್ದು ಸಾಲದೆ ಹೋದದ್ದೂ ಉಂಟು. ಸಾಲದೆ ಹೋದಲ್ಲಿ ಮನುಷ್ಯನ ರಟ್ಟೆ. ಸನ್ನೆಗೋಲು ಹಿಡಿದವರಿಗೆ ಆ ಕಲ್ಲಿನಲ್ಲಿ ರೂಪವಿದೆ, ಹೆಸರಿಲ್ಲ. ದೇವದುರ್ಗದ ಆ ಹಮಾಲನ ಹೆಸರನ್ನು ಆ ರಾತ್ರಿ ನಾನೂ ಕೇಳಲಿಲ್ಲ.

ರಾಯಚೂರು ಎರಡು ನದಿಗಳ ನಡುವಿನ ನಾಡು. ಉತ್ತರದಿಂದ ಬಂದವನಿಗೆ ಕೃಷ್ಣೆ ಅಡ್ಡ, ದಕ್ಷಿಣದಿಂದ ಬಂದವನಿಗೆ ತುಂಗಭದ್ರೆ. ಹೊಳೆ ತುಂಬಿದಾಗ ಇದ್ದ ಗತಿ ಹರಿಗೋಲೊಂದೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಇದನ್ನು ಕಂಡು ಬರೆದಿಟ್ಟಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಬುಟ್ಟಿಯಂತೆ ದುಂಡು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಸಾಗುತ್ತದೆ. ಮುಂದಿನ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆಗೆ ಸಾಮಾನಿನ ಚಿಂತೆ ಹೆಚ್ಚು; ವ್ಯಾಪಾರಿಯಲ್ಲವೆ! ಹರಿಗೋಲಿನ ತಳದಲ್ಲಿ ಕಟ್ಟಿಗೆಯ ಹೊರೆ ಹರವಿ, ಅದರ ಮೇಲೆ ಜಮಖಾನೆ ಹಾಸಿ, ನೀರು ತಾಗದಂತೆ ಸಾಮಾನಿಡುವುದನ್ನು ಅವನು ವರ್ಣಿಸುತ್ತಾನೆ. ಗಾಡಿಗಳನ್ನು ಎರಡು ಹರಿಗೋಲುಗಳ ನಡುವೆ ಕಟ್ಟುತ್ತಿದ್ದರಂತೆ. ಹೇರಿನ ಎತ್ತುಗಳ ಬೆನ್ನು ಇಳಿಸಿ ನೀರಿಗೆ ಅಟ್ಟಿದರೆ ತಾವೇ ಈಜಿ ಆಚೆ ದಡ ಸೇರುತ್ತಿದ್ದವಂತೆ. ಅಂದರೆ ಈ ದಡದಲ್ಲಿ ಇಳಿಸಬೇಕು, ಆ ದಡದಲ್ಲಿ ಮತ್ತೆ ಹೇರಬೇಕು. ಹೊಳೆಯನ್ನು ದಾಟುವ ಕಷ್ಟಕ್ಕಿಂತ ಇಳಿಸಿ ಹೇರುವ ಕಷ್ಟವೇ ದೊಡ್ಡದು.

ಸಾಮಾನನ್ನು ಬಿಟ್ಟು ಹೋಗುವ ಉಪಾಯವೂ ಒಂದುಂಟು. 1520ರಲ್ಲಿ ರಾಯಚೂರಿಗಾಗಿ ನಡೆದ ಯುದ್ಧದಲ್ಲಿ ಇಸ್ಮಾಯಿಲ್ ಆದಿಲಶಾಹ ಕೃಷ್ಣೆಯನ್ನು ದಾಟಿ ಬಂದು, ಸೋತು, ಪಾಳೆಯವನ್ನು ಇದ್ದಂತೆಯೇ ಬಿಟ್ಟು ಹಿಂದಕ್ಕೆ ದಾಟಿದ. ಕೃಷ್ಣದೇವರಾಯನ ಕೈಗೆ 400 ದೊಡ್ಡ ಫಿರಂಗಿಗಳು ಸಿಕ್ಕವೆಂದು ನೂನಿಜ್ ಬರೆಯುತ್ತಾನೆ. ಅವನ್ನು ಎಳೆಯುವ ಬಂಡಿಗಳೇ 900. ಅದೇ ನೂನಿಜ್ ರಾಯನ ದಂಡಿನಲ್ಲಿ ನೀರಿನ ಚರ್ಮದ ಚೀಲ ಹೊತ್ತ 12,000 ಜನರನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಪಾಠಪುಸ್ತಕದಲ್ಲಿ ಫಿರಂಗಿ ಬರುತ್ತದೆ, ನೀರು ಹೊತ್ತವರು ಬರುವುದಿಲ್ಲ.

ದಂಡುಗಳಿಗೆ ದವಸ ಒದಗಿಸುತ್ತಿದ್ದವರು ಲಂಬಾಣಿಗರು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಸಂಸಾರಸಮೇತ ನಡೆಯುತ್ತಿದ್ದ ಈ ಜನರನ್ನು ತಾವೆರ್ನಿಯೆಯೂ ದಾರಿಯಲ್ಲಿ ಕಂಡಿದ್ದಾನೆ. ರೈಲು ಬಂದ ಮೇಲೆ ಅವರ ಎತ್ತಿನ ಹೇರಿಗೆ ಗಿರಾಕಿ ಇಲ್ಲವಾಯಿತು. ಇಂದು ನಮ್ಮ ಜಿಲ್ಲೆಯ ತಾಂಡಾಗಳಿಂದ ಪಟ್ಟಣಗಳಿಗೆ ಗುಳೆ ಹೊರಡುವವರಲ್ಲಿ ಅವರ ಮಕ್ಕಳು ಮೊಮ್ಮಕ್ಕಳೂ ಇದ್ದಾರೆ.

ಈ ಸೀಮೆಯಲ್ಲಿ ಹೊರೆಯೇ ಇಲ್ಲದೆ ತಿರುಗಿದವರೆಂದರೆ ದಾಸರು. ಮಾನವಿ ತಾಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು, ಮೂವರೂ ಹದಿನೆಂಟನೆಯ ಶತಮಾನದಲ್ಲಿ ಬಾಳಿದವರು. ತಂಬೂರಿ, ತಾಳ, ಗೋಪಾಳಬುಟ್ಟಿ, ಮುಗಿಯಿತು ಸಾಮಾನು. ಇಳಿದುಕೊಳ್ಳಲು ಯಾರದಾದರೂ ಮನೆಯ ಪಡಸಾಲೆ. ಅಕ್ಕನ ಪೆಟ್ಟಿಗೆಗಳನ್ನು ನೋಡುತ್ತ ನಾನು ಆ ರಾತ್ರಿ ಈ ಮಾತನ್ನು ಆಡಿದೆನೆಂದೂ, ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳೆಂದೂ ಇಲ್ಲಿ ಒಪ್ಪಿಕೊಳ್ಳಬೇಕು.

1871ರಲ್ಲಿ ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲು, ಮದರಾಸಿನ ಕಡೆಯಿಂದ ಬಂದ ಮದರಾಸು ರೈಲು ರಾಯಚೂರಿನಲ್ಲಿ ಕೂಡಿದವು. ಮುಂಬಯಿ–ಮದರಾಸು ದಾರಿ ಪೂರ್ತಿಯಾದದ್ದು ನಮ್ಮ ಊರಿನಲ್ಲಿ. ಎರಡೂ ಒಂದೇ ಅಗಲದ ಹಳಿಗಳಾದ್ದರಿಂದ ಹಳಿಯ ಭೇದಕ್ಕಾಗಿ ಸಾಮಾನನ್ನು ಬೇರೆ ಬಂಡಿಗೆ ಬದಲಿಸುವ ಕಾಟ ಇಲ್ಲಿ ತಪ್ಪಿತು. ಅಗಲ ಹಳಿಯೂ ಮೀಟರು ಹಳಿಯೂ ಸೇರುತ್ತಿದ್ದ ಗುಂತಕಲ್ಲಿನಲ್ಲಿ ಆ ಕಾಟವನ್ನು ಅನುಭವಿಸಿದ ಹಿರಿಯರು ಇದನ್ನು ಬಲ್ಲರು. ನದಿಗಳ ಮೇಲೆ ರೈಲಿನ ಸೇತುವೆಗಳಾದವು. ಆದರೆ ಸ್ಟೇಶನ್ನು ಕೋಟೆಯ ಹೊರಗೆ, ಪೇಟೆ ಕೋಟೆಯ ಒಳಗೆ. ನಡುವೆ ಟಾಂಗಾ, ಟಾಂಗಾ ಸಿಗದವನಿಗೆ ಹಮಾಲ. ದೇವದುರ್ಗ, ಮಾನವಿಗಳನ್ನು ಆ ರೈಲು ಮುಟ್ಟಲಿಲ್ಲ. ಅಲ್ಲಿಯವರಿಗೆ ರಾಯಚೂರು ಊರಲ್ಲ, ಅರ್ಧ ದಾರಿ. ಎತ್ತಿನ ಬಂಡಿಯಲ್ಲಿ ಇನ್ನೊಂದು ಪ್ರಯಾಣ ಉಳಿದೇ ಇರುತ್ತಿತ್ತು. ಹೈದರಾಬಾದಿಗೆ ರಸ್ತೆಯ ಮೇಲೆ ಹೋಗುವವರಿಗೂ ದೇವಸೂಗೂರಿನ ಬಳಿ ಕೃಷ್ಣೆಗೆ ನಿಜಾಮ ಸರಕಾರದ ಸೇತುವೆ ಮುಗಿದದ್ದು 1943ರಲ್ಲಿ.

ಹಮಾಲ ಎಂಬ ಮಾತು ಅರಬ್ಬಿಯಿಂದ ಬಂದುದು. ಹೊರುವುದು ಎಂಬುದೇ ಅದರ ಮೂಲಾರ್ಥ. ಹೋಟೆಲು ಇಂಗ್ಲಿಷಿನಿಂದ ಬಂದು ನಮ್ಮಲ್ಲಿ ತಿಂಡಿಯ ಮನೆಯಾಯಿತು. ಮಲಗಲು ಖೋಲಿ ಬೇಕಾದರೆ ಲಾಡ್ಜನ್ನೇ ಹುಡುಕಬೇಕು. ವಿದೇಶದಿಂದ ಬಂದವನು ಹೋಟೆಲೆಲ್ಲಿ ಎಂದು ಕೇಳಿ, ಪೆಟ್ಟಿಗೆಯೊಡನೆ ಇಡ್ಲಿಯ ಮೇಜಿನ ಮುಂದೆ ಹೋಗಿ ನಿಂತರೆ ತಪ್ಪು ಅವನದಲ್ಲ.

ವಿಮಾನದ ಕತೆ ಚಿಕ್ಕದು. ಹೈದರಾಬಾದಿನ ಹಳೆಯ ನಿಲ್ದಾಣ ಬೇಗಂಪೇಟೆ ನಗರದೊಳಗೇ ಇತ್ತು. ಆ ಕಾಲದಲ್ಲಿ ಸಾಮಾನ್ಯ ದರ್ಜೆಯವನಿಗೆ 44 ಪೌಂಡಿನ ಸಾಮಾನಿಗಷ್ಟೇ ಅಪ್ಪಣೆ. ಅಷ್ಟನ್ನು ಮನುಷ್ಯ ತಾನೇ ಎತ್ತಬಲ್ಲ. 2008ರ ಮಾರ್ಚಿನಲ್ಲಿ ನಾಗರಿಕ ವಿಮಾನಗಳು ಊರ ಹೊರಗಿನ ಶಂಷಾಬಾದಿಗೆ ಹೋದವು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣವೂ ದೇವನಹಳ್ಳಿಯ ಕಡೆಗೆ ಸರಿಯಿತು. ಸಾಮಾನು ಹೆಚ್ಚಿತು, ದಾರಿಯೂ ಹೆಚ್ಚಿತು. ಶಂಷಾಬಾದಿನಿಂದ ನಗರಕ್ಕೆ ಓಡುವ ಸರಕಾರಿ ಬಸ್ಸಿಗೆ ಪುಷ್ಪಕವೆಂದು ಹೆಸರಿಟ್ಟಿದ್ದಾರೆ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುವ ವಿಮಾನವದು. ಪೆಟ್ಟಿಗೆಗಳಿಗೂ ಹಾಗೆಯೇ ಜಾಗವಿರುತ್ತದೆಂದು ಪುರಾಣ ಹೇಳಿಲ್ಲ. ಆ 2008ರಲ್ಲೇ ರೈಲ್ವೆ ಮಂತ್ರಿ ಲಾಲು ಪ್ರಸಾದರು ಪರವಾನಿಗೆಯುಳ್ಳ ಸ್ಟೇಶನ್ ಕೂಲಿಗಳಿಗೆ ಗ್ಯಾಂಗ್‌ಮನ್ ಕೆಲಸದ ದಾರಿ ತೆರೆದರು. ಹೊರೆ ಬಿಟ್ಟು ಹಳಿಯ ಕೆಲಸ, ತಿಂಗಳ ಸಂಬಳ. ಆ ಹೆಗಲುಗಳಿಗೆ ಅದು ನ್ಯಾಯವೇ ಸರಿ. ಗೋದಾಮಿನ ಕಟ್ಟೆಯ ಮೇಲೆ ಕಾದು ಕೂರುವವನಿಗೆ ಪರವಾನಿಗೆಯೂ ಇಲ್ಲ, ಆ ದಾರಿಯೂ ಇಲ್ಲ.

ಮರುದಿನ ಬೆಳಗ್ಗೆ ಅವನೇ ಬಂದು ಪೆಟ್ಟಿಗೆಗಳನ್ನು ಇಳಿಸಿಕೊಟ್ಟ. ಮೆಟ್ಟಿಲಿಳಿಯುತ್ತ, ರಾಯಚೂರಿಗೂ ವಿಮಾನ ಬರುತ್ತದಂತೆ, ಖರೇನೇನ್ರಿ ಎಂದು ಕೇಳಿದ. ಯರಮರಸಿನ ಹತ್ತಿರ ನಿಲ್ದಾಣಕ್ಕೆ ನೆಲ ಗೊತ್ತುಮಾಡಿದ್ದಾರೆ ಎಂದೆ. ಯರಮರಸಿನಿಂದ ಊರಿಗೆ ಎಷ್ಟು ದೂರ ಎಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ. “ಅಲ್ಲಿ ಹಮಾಲಿ ಕೆಲಸ ಇರತೈತೇನ್ರಿ?” ಎಂದ. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು.