ಕಡ್ಡಿಚಕ್ರ ಮತ್ತು ಅಡ್ಡ ಬಲ: ಸ್ವಂತವಾಗಿ ಕಟ್ಟುವ ಅತಿಹಗುರ ವಿಮಾನಗಳ ಗಾಲಿ ಆಯ್ಕೆ

ಅತಿಹಗುರ ವಿಮಾನವನ್ನು ತಾನೇ ಕಟ್ಟಿಕೊಳ್ಳುವವನು ಗಾಲಿಯ ಮಾತು ಬಂದಾಗ ಮೊದಲು ಕೇಳುವುದು, ಅದು ಎಷ್ಟು ಭಾರ ಹೊರುತ್ತದೆ ಎಂದು. ಆಮೇಲೆ, ಕಡ್ಡಿ ಎಷ್ಟು, 36 ಸಾಕೋ 48 ಬೇಕೋ ಎಂದು. ಎರಡೂ ಸೈಕಲ್ ಸವಾರನ ಪ್ರಶ್ನೆಗಳು. ವಿಮಾನದ ಗಾಲಿ ಹೇಗೆ ಮುರಿಯುತ್ತದೆ ಎಂಬುದರ ಬಗ್ಗೆ ಅವು ಹೆಚ್ಚೇನೂ ಹೇಳುವುದಿಲ್ಲ. ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಪಕ್ಕದಿಂದ ಬೀಳುವ ಬಲ ಮತ್ತು ಆ ಬಲವನ್ನು ಎದುರಿಸುವ ಹಬ್‌ನ ಅಗಲ ಎಂಬುದು ಈ ಲೇಖನದ ವಾದ.

ತಂತಿ ಕಡ್ಡಿಯ ಚಕ್ರ ಸೈಕಲ್ಲಿನಿಂದ ವಿಮಾನಕ್ಕೆ ಬಂತು ಎಂಬುದು ಅರ್ಧ ಸತ್ಯ ಮಾತ್ರ. ಯಾರ್ಕ್‌ಶೈರಿನ ಜಾರ್ಜ್ ಕೇಲಿ 1808ರಷ್ಟು ಹಿಂದೆಯೇ ಹಾರುವ ಯಂತ್ರಕ್ಕೆ ತೀರ ಹಗುರವಾದ ಚಕ್ರ ಬೇಕೆಂದು ಯೋಚಿಸುತ್ತ, ಮರದ ಅರೆಕಾಲುಗಳ ಜಾಗದಲ್ಲಿ ಬಿಗಿದ ಹುರಿಗಳನ್ನು ಇಟ್ಟ ಚಕ್ರವನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿಟ್ಟಿದ್ದ. ಆಗ ಇನ್ನೂ ಪೆಡಲ್ ತುಳಿಯುವ ಸೈಕಲ್ಲೇ ಇರಲಿಲ್ಲ. ಎತ್ತಿನ ಗಾಡಿಯ ಚಕ್ರದಲ್ಲಿ ಭಾರ ಕೆಳಗಿನ ಅರೆಕಾಲಿನ ಮೇಲೆ ನಿಲ್ಲುತ್ತದೆ. ತಂತಿಯ ಕಡ್ಡಿಗೆ ಹಾಗೆ ನಿಲ್ಲುವ ತ್ರಾಣವಿಲ್ಲ. ಅದನ್ನು ಮೊದಲೇ ಬಿಗಿದಿಟ್ಟಿರುತ್ತಾರೆ, ಸಾಮಾನ್ಯವಾಗಿ ಒಂದೊಂದಕ್ಕೂ 100 ಕಿಲೋದಷ್ಟು ಸೆಳೆತ. ಭಾರ ಬಿದ್ದಾಗ ನೆಲದ ಕಡೆಯ ಮೂರು ನಾಲ್ಕು ಕಡ್ಡಿಗಳ ಸೆಳೆತ ಇಳಿಯುತ್ತದೆ, ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗುವುದಿಲ್ಲ. ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಚಕ್ರದ ಮೇಲೆ ಬರೆದ ಪುಸ್ತಕ ಈ ವಿಚಾರವನ್ನು ಕುಶಲಕರ್ಮಿಗಳಿಗೂ ತಿಳಿಯುವಂತೆ ಬಿಡಿಸಿಟ್ಟಿತು. ನಮ್ಮ ಚರ್ಚೆಗೆ ಮುಖ್ಯವಾದದ್ದು ಇದರ ಮುಂದಿನ ಹೆಜ್ಜೆ: ಕೆಳಗಿನ ಕಡ್ಡಿಗಳು ಪೂರ್ತಿ ಸಡಿಲಾದ ಕ್ಷಣದಲ್ಲಿ ರಿಮ್‌ಗೆ ಆ ಭಾಗದಲ್ಲಿ ಪಕ್ಕದ ಆಸರೆಯೇ ಇರುವುದಿಲ್ಲ. ಆಗ ಅಡ್ಡದಿಂದ ಸ್ವಲ್ಪ ನೂಕಿದರೂ ಚಕ್ರ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಸೈಕಲ್ಲಿಗೆ ಈ ಗತಿ ಅಪರೂಪ, ಏಕೆಂದರೆ ತಿರುವಿನಲ್ಲಿ ಅದು ವಾಲುತ್ತದೆ; ಬಲ ಚಕ್ರದ ಸಮತಲದಲ್ಲೇ ಹಾಯುತ್ತದೆ. ವಿಮಾನ ನೆಲದ ಮೇಲೆ ವಾಲುವುದಿಲ್ಲ. (ನಮ್ಮ ಪೇಟೆಗಳಲ್ಲಿ ಮೂಟೆ ಸಾಗಿಸುವ ಮೂರು ಗಾಲಿಯ ಸೈಕಲ್ ಗಾಡಿಯೂ ವಾಲುವುದಿಲ್ಲ, ಅದರ ಹಿಂಗಾಲಿಗಳಿಗೆ ಪದೇಪದೇ ಬೆಂಡ್ ತೆಗೆಸಬೇಕಾಗುವುದು ಇದೇ ಕಾರಣಕ್ಕೆ.) ಅಡ್ಡಗಾಳಿಯಲ್ಲಿ ಮೂತಿ ಓರೆ ಇಟ್ಟುಕೊಂಡೇ ಇಳಿದರೆ, ಗಾಲಿ ಉರುಳುವ ದಿಕ್ಕಿಗೂ ವಿಮಾನ ಸಾಗುವ ದಿಕ್ಕಿಗೂ ತಾಳೆಯಾಗದೆ ಇಡೀ ಯಂತ್ರದ ಜಡತ್ವ ಟೈರನ್ನು ಪಕ್ಕಕ್ಕೆ ಎಳೆಯುತ್ತದೆ.

ಎಷ್ಟು ಎಳೆಯುತ್ತದೆ? ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದ 103ನೇ ಭಾಗದ ನಿಯಮವು ಅತಿಹಗುರ ವಿಮಾನದ ಖಾಲಿ ತೂಕವನ್ನು 254 ಪೌಂಡಿಗೆ, ಅಂದರೆ ಸುಮಾರು 115 ಕಿಲೋಗೆ, ಮಿತಿಗೊಳಿಸಿದೆ. ರಚನೆಯ ಬಲಾಬಲದ ಬಗ್ಗೆ ಏನನ್ನೂ ವಿಧಿಸುವುದಿಲ್ಲ. ಹಾಗಾಗಿ ಅಳತೆಗೋಲನ್ನು ಬೇರೆಡೆಯಿಂದ ತರಬೇಕು. ಯುರೋಪಿನ ಸಿಎಸ್-ವಿಎಲ್‌ಎ ನಿಯಮಾವಳಿಯ ಪ್ರಕಾರ, ಒಟ್ಟು ತೂಕದ 1.33 ಪಟ್ಟು ಲಂಬ ಭಾರ ಎರಡು ಮುಖ್ಯ ಗಾಲಿಗಳ ಮೇಲೆ ಸಮನಾಗಿ ಹಂಚಿರುವಾಗಲೇ ಒಂದು ಗಾಲಿಯ ಮೇಲೆ ತೂಕದ ಅರ್ಧದಷ್ಟು ಒಳಮುಖವಾಗಿ, ಇನ್ನೊಂದರ ಮೇಲೆ 0.33 ಭಾಗದಷ್ಟು ಹೊರಮುಖವಾಗಿ ಅಡ್ಡ ಬಲ ಬೀಳುತ್ತದೆಂದು ಎಣಿಸಬೇಕು. 85 ಕಿಲೋದ ಪೈಲಟ್, ಐದು ಗ್ಯಾಲನ್ ಇಂಧನ, ಪ್ಯಾರಾಶೂಟ್ ಸೇರಿ ನಮ್ಮ ವಿಮಾನ 225 ಕಿಲೋ ಎಂದಿಟ್ಟುಕೊಳ್ಳೋಣ. ಒಂದೊಂದು ಗಾಲಿಯ ಮೇಲೂ ಸುಮಾರು 150 ಕಿಲೋ ಲಂಬ ಭಾರ; ಅದರ ಜೊತೆಗೆ ಒಂದಕ್ಕೆ 112 ಕಿಲೋ, ಇನ್ನೊಂದಕ್ಕೆ 74 ಕಿಲೋ ಅಡ್ಡ ಬಲ. ಸೈಕಲ್ಲಿನ ಮುಂಚಕ್ರ ತನ್ನ ಜೀವಮಾನದಲ್ಲಿ ಕಾಣದ ಸಂಖ್ಯೆಗಳಿವು.

ಈ ಅಡ್ಡ ಬಲವನ್ನು ತಡೆಯುವುದು ಕಡ್ಡಿಯ ಓರೆ. ಹಬ್‌ನ ಎರಡು ಫ್ಲ್ಯಾಂಜ್‌ಗಳಿಂದ ಕಡ್ಡಿಗಳು ಗುಡಾರದ ಹಗ್ಗದ ಹಾಗೆ ಓರೆಯಾಗಿ ರಿಮ್‌ಗೆ ಇಳಿಯುತ್ತವೆ. ಚಕ್ರದ ಪಕ್ಕದ ಬಿಗುವಿಗೆ ಕಡ್ಡಿಗಳು ಕೊಡುವ ಪಾಲು ಆ ಓರೆಕೋನದ ಸೈನ್‌ನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 20 ಇಂಚಿನ ಬಿಎಂಎಕ್ಸ್ ಚಕ್ರದಲ್ಲಿ ಫ್ಲ್ಯಾಂಜ್‌ಗಳ ನಡುವೆ 70 ಮಿ.ಮೀ. ಅಂತರವಿದ್ದರೆ ಕೋನ ಹನ್ನೊಂದೂವರೆ ಡಿಗ್ರಿಯಷ್ಟು. ಅದೇ ಹಬ್ ಹಾಕಿದ 26 ಇಂಚಿನ ಚಕ್ರದಲ್ಲಿ ಎಂಟೇ ಡಿಗ್ರಿ; ದೊಡ್ಡ ಚಕ್ರ ಗುಂಡಿಗಳನ್ನು ಸಲೀಸಾಗಿ ದಾಟುತ್ತದೆ, ನಿಜ, ಆದರೆ ಪಕ್ಕಕ್ಕೆ ಅಷ್ಟೇ ದುರ್ಬಲ. 20 ಇಂಚಿನ ಚಕ್ರಕ್ಕೇ 150 ಮಿ.ಮೀ. ಅಗಲದ ಹಬ್ ಮಾಡಿಸಿದರೆ ಕೋನ 24 ಡಿಗ್ರಿಗೆ ಹತ್ತಿರವಾಗಿ, ಕಡ್ಡಿಗಳ ಪಾಲಿನ ಬಿಗುವು ನಾಲ್ಕು ಪಟ್ಟಾಗುತ್ತದೆ. 36 ಕಡ್ಡಿ ಬಿಟ್ಟು 48 ಹಾಕಿದರೆ ಸಿಗುವುದು ಮೂರನೇ ಒಂದು ಭಾಗದಷ್ಟು ಹೆಚ್ಚಳ ಮಾತ್ರ. ಅಂಗಡಿಯಲ್ಲಿ ಕಡ್ಡಿ ಎಣಿಸುವವರು ಹಬ್ ಅಳೆಯುವುದಿಲ್ಲ ಎಂಬುದೇ ನನ್ನ ತಕರಾರು.

ಅಗಲದ ಹಬ್ ಇನ್ನೊಂದು ತೊಡಕು ತರುತ್ತದೆ. ಸೈಕಲ್ ರಿಮ್‌ನಲ್ಲಿ ನಿಪ್ಪಲ್ ಕೂರುವ ತೂತನ್ನು ಕಿರಿದಾದ ಹಬ್‌ಗೆ ತಕ್ಕಂತೆ ಕೊರೆದಿರುತ್ತಾರೆ. ಕೋನ ಜಾಸ್ತಿಯಾದರೆ ಕಡ್ಡಿ ನಿಪ್ಪಲ್‌ನಿಂದ ಹೊರಬರುವಲ್ಲೇ ಬಾಗುತ್ತದೆ, ಪ್ರತಿ ಸುತ್ತಿಗೂ ಅಲ್ಲೇ ದಣಿದು, ಎಳೆ ಶುರುವಾಗುವ ಜಾಗದಲ್ಲಿ ತುಂಡಾಗುತ್ತದೆ. ಮೋಟಾರ್ ಸೈಕಲ್ ಮತ್ತು ಮೊಪೆಡ್ಡಿನ ರಿಮ್‌ಗಳಲ್ಲಿ ತೂತಿನ ಸುತ್ತ ಕಡ್ಡಿಯ ದಿಕ್ಕಿಗೆ ಕುಳಿ ಒತ್ತಿರುತ್ತಾರಾದ್ದರಿಂದ ಈ ಕೆಲಸಕ್ಕೆ ಅವೇ ಮೇಲು.

ಆಕ್ಸಲ್‌ನ ಕಥೆಯೂ ಬೇರೆಯಲ್ಲ. ಸೈಕಲ್ಲಿನಲ್ಲಿ ಫೋರ್ಕ್ ಅದನ್ನು ಎರಡೂ ಕಡೆ ಹಿಡಿದಿರುತ್ತದೆ. ವಿಮಾನದಲ್ಲಿ ಅದು ಸಾಮಾನ್ಯವಾಗಿ ಒಂದೇ ಕಡೆ ಆಧಾರವಿರುವ ಚಾಚು. ಗಾಲಿಯ ನಡುರೇಖೆ ಆಧಾರದಿಂದ 50 ಮಿ.ಮೀ. ಹೊರಗಿದೆ, ಗಾಲಿಯ ತ್ರಿಜ್ಯ 25 ಸೆಂ.ಮೀ. ಎಂದಾದರೆ, ತೂಕದ ಮೂರು ಪಟ್ಟು ಭಾರ ಬೀಳುವ ಒರಟು ಇಳಿತದಲ್ಲಿ ಆಕ್ಸಲ್ ಬುಡದ ಬಾಗು ಭ್ರಾಮಕ 166 ನ್ಯೂಟನ್-ಮೀಟರ್. ಮೇಲೆ ಹೇಳಿದ ಹೊರಮುಖ ಅಡ್ಡ ಬಲದಲ್ಲಿ ಅದು 255. ಇಲ್ಲಿ ಗಮನಿಸಬೇಕಾದ್ದಿದೆ: ಒಳಮುಖ ಬಲ ದೊಡ್ಡದಾದರೂ ಲಂಬ ಭಾರದ ಭ್ರಾಮಕಕ್ಕೆ ಎದುರಾಗಿ ತಿರುಗಿಸುವುದರಿಂದ ಒಂದಿಷ್ಟು ಕಳೆದುಹೋಗುತ್ತದೆ, ಚಿಕ್ಕದಾದ ಹೊರಮುಖ ಬಲವೇ ಆಕ್ಸಲ್‌ಗೆ ಹೆಚ್ಚು ಅಪಾಯಕಾರಿ. 9.5 ಮಿ.ಮೀ. ಸೈಕಲ್ ಆಕ್ಸಲ್‌ನಲ್ಲಿ ಇದು 3,000 ಮೆಗಾಪಾಸ್ಕಲ್ ಪೀಡನ. ಯಾವ ಆಕ್ಸಲ್ ಉಕ್ಕೂ ತಡೆಯುವ ಮಾತಲ್ಲ. ಗಾಲಿಕುರ್ಚಿಯ ಅರ್ಧ ಇಂಚಿನ ಆಕ್ಸಲ್ ಒಂದೇ ಕಡೆಯ ಆಧಾರಕ್ಕೆಂದೇ ರೂಪಿಸಿದ್ದು, ಅದಕ್ಕಾಗಿಯೇ ಹಲವರಿಗೆ ಇಷ್ಟ. ಆದರೆ ಅಲ್ಲಿಯೂ 1,270 ದಾಟುತ್ತದೆ. 20 ಮಿ.ಮೀ. ಆಕ್ಸಲ್‌ನಲ್ಲಿ 325ಕ್ಕೆ ಇಳಿಯುತ್ತದೆ. ಮೆದು ಉಕ್ಕಿಗೆ ಇದೂ ಜಾಸ್ತಿ, ವಿಮಾನಗಳಿಗೆ ಬಳಸುವ 4130 ಉಕ್ಕಿಗೆ ಆಗಬಹುದು.

ಹಿಂದಿನವರು ಇದನ್ನು ಎರಡು ದಾರಿಯಲ್ಲಿ ಬಿಡಿಸಿಕೊಂಡಿದ್ದರು. 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಬ್ಲೇರಿಯೋ 11ರ ಮುಖ್ಯ ಗಾಲಿಗಳು ತಾವಾಗಿ ತಿರುಗಿಕೊಳ್ಳಬಲ್ಲವಾಗಿದ್ದವು. ವಿಮಾನ ಓರೆಯಾಗಿ ಇಳಿದರೂ ಗಾಲಿ ಸಾಗುವ ದಿಕ್ಕಿಗೆ ಹೊರಳಿ, ಅಡ್ಡ ಬಲ ಹುಟ್ಟುವ ಮೊದಲೇ ಅದನ್ನು ತಪ್ಪಿಸುತ್ತಿತ್ತು. ಸೊಗಸಾದ ಉಪಾಯ, ಆದರೆ ತೂಕ ಮತ್ತು ಜಂಜಾಟ ಎರಡೂ ಹೆಚ್ಚು. ಮೊದಲ ಮಹಾಯುದ್ಧದ ಯಂತ್ರಗಳು ಅದನ್ನು ಕೈಬಿಟ್ಟು, ಅಗಲ ಹಬ್‌ನ ಗಾಲಿಗಳನ್ನು ಈ ತುದಿಯಿಂದ ಆ ತುದಿಗೆ ಹಾಯುವ ಒಂದೇ ಆಕ್ಸಲ್‌ಗೆ ಪೋಣಿಸಿ, ಆ ಆಕ್ಸಲ್ಲನ್ನು ರಬ್ಬರ್ ಹುರಿಯಿಂದ ಸುತ್ತಿ ಕಟ್ಟಿದವು. ಆ ಕಾಲದ ಮೈದಾನಗಳ ಅನುಕೂಲವನ್ನೂ ಮರೆಯಬಾರದು: ಹುಲ್ಲುನೆಲ, ಗಾಳಿ ಎತ್ತ ಬೀಸಿದರೆ ಅತ್ತ ಮುಖಮಾಡಿ ಇಳಿಯಬಹುದಿತ್ತು. ಹುಲ್ಲಿನ ಮೇಲೆ ಟೈರು ಜಾರಿಕೊಂಡು ಬಲವನ್ನು ಕಳೆದುಕೊಳ್ಳುತ್ತದೆ. ಡಾಂಬರು ಹಿಡಿದರೆ ಬಿಡುವುದಿಲ್ಲ.

ಹೀಗಾಗಿ ನನ್ನ ಅಭಿಪ್ರಾಯ ನೆಲವನ್ನು ನೋಡಿ ಬದಲಾಗುತ್ತದೆ. ಹುಲ್ಲುಮೈದಾನದಲ್ಲೇ ಹಾರುವ, ಬ್ರೇಕ್ ಇಲ್ಲದ ಯಂತ್ರಕ್ಕೆ 20 ಮಿ.ಮೀ. ಆಕ್ಸಲ್, ಎರಡು ಗೋಡೆಯ ರಿಮ್ ಇರುವ 20 ಇಂಚಿನ ಬಿಎಂಎಕ್ಸ್ ಗಾಲಿ ಒಪ್ಪುವಂಥದ್ದು. ಡಾಂಬರಿನ ಮೇಲೆ ಇಳಿಯುವವರು ಮೊಪೆಡ್ಡಿನ ರಿಮ್‌ಗೆ ಅಗಲದ ಹಬ್ ಕೂರಿಸಿ ಕಟ್ಟಿಸಬೇಕು, ಇಲ್ಲವೇ ಕಡ್ಡಿಚಕ್ರದ ಆಸೆಯನ್ನೇ ಬಿಡಬೇಕು. ಹಬ್‌ನಲ್ಲೇ ಬ್ರೇಕ್ ಇದ್ದರೆ ಕಡ್ಡಿಗಳನ್ನು ನೇರ ಕಟ್ಟುವಂತಿಲ್ಲ, ಒಂದರ ಮೇಲೊಂದು ಹಾಯಿಸಿ ಸ್ಪರ್ಶರೇಖೆಯಲ್ಲೇ ಕಟ್ಟಬೇಕು. ಗಾಳಿಯ ತಡೆ ಕಡಿಮೆಯಾಗಲೆಂದು, ಹಳೆಯ ಕಾಲದ ಚೆಂದಕ್ಕೆಂದು ಚಕ್ರಕ್ಕೆ ಬಟ್ಟೆ ಹೊದಿಸುವವರು ಅದನ್ನು ಬಿಚ್ಚಲು ಬರುವಂತೆ ಇಡಲಿ. ಸಡಿಲಾದ ಕಡ್ಡಿ ಕಾಣುವುದು ಬಟ್ಟೆ ಇಲ್ಲದಾಗ ಮಾತ್ರ.

ಕಟ್ಟಿಸಿದ ಗಾಲಿಯನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಆಕ್ಸಲ್ಲನ್ನು ಗಟ್ಟಿ ಬೆಂಚಿಗೆ ನೆಟ್ಟಗೆ ಕಚ್ಚಿಸಿ ಚಕ್ರವನ್ನು ಅಡ್ಡಲಾಗಿ ಮಲಗಿಸಿ, ರಿಮ್‌ನ ಒಂದು ಬಿಂದುವಿಗೆ ಮರಳಿನ ಚೀಲಗಳನ್ನು ತೂಗುಹಾಕಿದರೆ ಅಡ್ಡ ಬಲದ ನಕಲು ಸಿಕ್ಕಿತು. ಆದರೆ ಇಷ್ಟೇ ಮಾಡಿದರೆ ಚಕ್ರ ತನ್ನ ಯೋಗ್ಯತೆಗಿಂತ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಆ ಜಾಗದ ಕಡ್ಡಿಗಳು ಇನ್ನೂ ಬಿಗಿಯಾಗಿಯೇ ಇರುತ್ತವೆ. ಲಾರಿಯ ಸರಕು ಬಿಗಿಯುವ ರ‍್ಯಾಚೆಟ್ ಪಟ್ಟಿಯನ್ನು ಹಬ್‌ಗೂ ಅದೇ ಬಿಂದುವಿಗೂ ಸುತ್ತಿ, ನಡುವೆ ತಕ್ಕಡಿ ಕೊಕ್ಕೆಯಿಟ್ಟು 150 ಕಿಲೋ ತೋರಿಸುವ ತನಕ ಎಳೆಯಬೇಕು. ಅಲ್ಲಿನ ಕಡ್ಡಿಗಳನ್ನು ಬೆರಳಿನಿಂದ ಮೀಟಿದರೆ ನಾದ ಮಂದ್ರಕ್ಕೆ ಇಳಿದಿರುತ್ತದೆ. ನಾದವೇ ಹೊರಡದಿದ್ದರೆ ಬಿಗಿತ ಸಾಲದು ಎಂದರ್ಥ, ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ನಿಪ್ಪಲ್ ತಿರುಗಿಸಬೇಕು. ನಾದ ಉಳಿದಿದ್ದರೆ ಚೀಲಗಳನ್ನು ಒಂದೊಂದಾಗಿ ಏರಿಸಿ 112 ಕಿಲೋ ಮುಟ್ಟಿಸಿ, ರಿಮ್ ಎಷ್ಟು ಕೆಳಗಿಳಿಯಿತೆಂದು ಅಳೆದು, ಚೀಲ ಇಳಿಸಿದ ಮೇಲೆ ಮತ್ತೆ ಅಳೆಯಬೇಕು. ರಿಮ್ ಮೊದಲಿನ ಜಾಗಕ್ಕೆ ಮರಳದಿದ್ದರೆ ಆ ಚಕ್ರ ಸೈಕಲ್ಲಿಗೆ ಇರಲಿ.