ಬೆಂಕಿಗೆ ಮುನ್ನ ಬರೆದ ಲೆಕ್ಕ

ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡುವವನನ್ನು ಕಂಡು ನಮ್ಮ ಗಾದೆ ನಗುತ್ತದೆ. ಆದರೆ ಬೆಂಕಿ ಬೀಳುವ ಮೊದಲೇ ಕಟ್ಟಡವನ್ನು ಒಂದು ಸುತ್ತು ನೋಡಿ, ಇಲ್ಲಿ ಏನು ಉರಿದೀತು, ಉರಿದರೆ ಎಷ್ಟು ನಷ್ಟವಾದೀತು, ಒಳಗಿರುವವರು ಯಾವ ದಾರಿಯಿಂದ ಹೊರಬಂದಾರು ಎಂದು ಕೇಳುವ ಪದ್ಧತಿ ಅಷ್ಟು ಹಳೆಯದಲ್ಲ. ಈ ಮೂರರಲ್ಲಿ ಮೊದಲ ಎರಡು ಪ್ರಶ್ನೆಗಳು ಒಟ್ಟಿಗೆ ಹುಟ್ಟಿದುವು. ಮೂರನೆಯದು ಕಾನೂನಿನ ಬಾಯಲ್ಲಿ ಬರಲು ಮತ್ತೆ ಎರಡು ಶತಮಾನಗಳಿಗೂ ಮಿಕ್ಕಿ ಬೇಕಾಯಿತು. ಈ ವಿಳಂಬದ ಕಥೆಯನ್ನು ಲಂಡನ್ ನಗರದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಪುಡಿಂಗ್ ಲೇನ್ ಎಂಬ ಓಣಿಯ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ನಾಲ್ಕು ದಿನ ಉರಿದು, ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಇನ್ನು ಮುಂದೆ ಹೊರಗೋಡೆಗಳು ಇಟ್ಟಿಗೆ ಅಥವಾ ಕಲ್ಲಿನವೇ ಆಗಿರತಕ್ಕದ್ದೆಂದು ಮರುವರ್ಷ ಶಾಸನವಾಯಿತು. ಸುಟ್ಟ ನಗರ ಮತ್ತೆ ಎದ್ದು ನಿಲ್ಲುತ್ತಿದ್ದಾಗ ನಿಕೊಲಸ್ ಬಾರ್ಬನ್ ಎಂಬಾತನಿಗೆ ಒಂದು ಯೋಚನೆ ಹೊಳೆಯಿತು. ಈತ ಓದಿದ್ದು ವೈದ್ಯ, ಹಿಡಿದದ್ದು ಮನೆ ಕಟ್ಟಿಸುವ ವ್ಯಾಪಾರ. 1680ರ ಸುಮಾರಿಗೆ ಆತ ತೆರೆದ ವಿಮಾ ಕಚೇರಿಯ ದರ ಬಹು ಸರಳವಾಗಿತ್ತು: ಇಟ್ಟಿಗೆಯ ಮನೆಗೆ ವರ್ಷದ ಬಾಡಿಗೆಯಲ್ಲಿ ನೂರಕ್ಕೆ ಎರಡೂವರೆ, ಮರದ ಮನೆಗೆ ನೂರಕ್ಕೆ ಐದು. ಹೀಗೆ ಅಪಾಯಕ್ಕೂ ಒಂದು ಅಂಕಿ ದೊರೆಯಿತು. ಅದರ ಅಳತೆಗೋಲು ಮನೆಯ ಬಾಡಿಗೆ. ಆ ಬಾಡಿಗೆಯನ್ನು ತೆತ್ತು ಒಳಗೆ ಮಲಗುವವನಿಗೆ ಆ ಲೆಕ್ಕದಲ್ಲಿ ಸ್ಥಳವಿರಲಿಲ್ಲ.

1710ರಲ್ಲಿ ಸ್ಥಾಪನೆಗೊಂಡ ಸನ್ ಫೈರ್ ಆಫೀಸ್ ಈ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ಗೋಡೆಯಷ್ಟನ್ನೇ ನೋಡಿದರೆ ಸಾಲದು, ಗೋಡೆಯೊಳಗೆ ನಡೆಯುವ ಕಸುಬನ್ನೂ ನೋಡಬೇಕೆಂಬುದು ಅದರ ತಿಳಿವಳಿಕೆ. ಸಾಧಾರಣ, ಅಪಾಯಕರ, ಇಮ್ಮಡಿ ಅಪಾಯಕರ ಎಂದು ಆಸ್ತಿಗಳನ್ನು ಮೂರು ವರ್ಗ ಮಾಡಿದರು. ಮರದ ಕಟ್ಟಡದಲ್ಲಿ ಬೆಂಕಿಗೆ ಸಲೀಸಾದ ವ್ಯಾಪಾರವೂ ಸೇರಿದರೆ ದರ ಏರಿತು. ವಿಮೆ ಮಾಡಿಸಿದ ಮನೆಯ ಮುಂಗೋಡೆಗೆ ಸೂರ್ಯನ ಮುಖವಿದ್ದ ಸೀಸದ ಫಲಕ ಬಂದಿತು. ಬೆಂಕಿ ಆರಿಸುವ ಆಳುಗಳನ್ನೂ ಕಂಪೆನಿಗಳೇ ಸಾಕುತ್ತಿದ್ದುವು. 1833ರಲ್ಲಿ ಹತ್ತು ಕಂಪೆನಿಗಳ ತಂಡಗಳು ಒಂದಾಗಿ, ಎಡಿನ್‌ಬರೋ ನಗರದಿಂದ ಬಂದ ಜೇಮ್ಸ್ ಬ್ರೈಡ್‌ವುಡ್ ಅದರ ಮುಖ್ಯಸ್ಥನಾದ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಈ ತಂಡದ ಮುಖ್ಯ ಕೆಲಸ ಆಸ್ತಿಯನ್ನು ಉಳಿಸುವುದು. ಮೇಲಂತಸ್ತಿನ ಕಿಟಕಿಯಲ್ಲಿ ನಿಂತು ಕೂಗುವವರನ್ನು ಇಳಿಸಿಕೊಳ್ಳುವ ಗಾಲಿಯ ಏಣಿಗಳನ್ನು ಇಟ್ಟುಕೊಂಡಿದ್ದುದು 1836ರಲ್ಲಿ ಹುಟ್ಟಿದ ಬೇರೊಂದು ಧರ್ಮಸಂಸ್ಥೆ. ಅದು ನಡೆಯುತ್ತಿದ್ದುದು ದಾನಿಗಳ ಚಂದಾಹಣದಿಂದ. ನೀರಿನ ಯಂತ್ರಕ್ಕೆ ಬಂಡವಾಳ, ಏಣಿಗೆ ಭಿಕ್ಷೆ! ಒಂದೇ ಬೀದಿಯ ಒಂದೇ ಬೆಂಕಿಯಲ್ಲಿ ಸರಕಿಗೂ ಜೀವಕ್ಕೂ ನಡುವೆ ಈ ಗೆರೆ ಮೂವತ್ತು ವರ್ಷ ಹಾಗೆಯೇ ಇತ್ತು.

ಕೊನೆಗೆ ಗೆರೆಯನ್ನು ಅಳಿಸಿದ್ದು ಕರುಣೆಯಲ್ಲ, ನಷ್ಟ. 1861ರ ಜೂನ್ 22ರಂದು ಥೇಮ್ಸ್ ನದಿಯ ದಡದ ಟೂಲಿ ಬೀದಿಯ ಉಗ್ರಾಣಗಳಿಗೆ ಬೆಂಕಿ ಬಿತ್ತು. ಒಳಗೆ ಸೆಣಬು, ಹತ್ತಿ, ಸಕ್ಕರೆ, ಪ್ರಾಣಿಕೊಬ್ಬು, ಪೆಟ್ಲುಪ್ಪು. ಉಗ್ರಾಣಗಳ ನಡುವೆ ಬೆಂಕಿ ತಡೆಯಲೆಂದೇ ಇಟ್ಟಿದ್ದ ಕಬ್ಬಿಣದ ಬಾಗಿಲುಗಳು ತೆರೆದೇ ಇದ್ದುವೆಂದು ಹೇಳುತ್ತಾರೆ. ಇಂಥ ಭಾರಿ ಉಗ್ರಾಣಗಳ ಅಪಾಯವನ್ನು ಕುರಿತು ಮುಂಚೆಯೇ ಎಚ್ಚರಿಸಿದ್ದ ಬ್ರೈಡ್‌ವುಡ್ ಅಂದು ಕುಸಿದ ಗೋಡೆಯಡಿ ಸಿಕ್ಕಿ ಸತ್ತ. ಎರಡು ವಾರ ಬೆಂಕಿ ಪೂರ್ತಿಯಾಗಿ ಆರಲಿಲ್ಲ. ನಷ್ಟ ಸುಮಾರು 20 ಲಕ್ಷ ಪೌಂಡ್. ವಿಮಾ ಕಂಪೆನಿಗಳು ದರವನ್ನು ಏರಿಸಿದುವು; ಈ ಹೊರೆಯನ್ನು ಸರಕಾರವೇ ಹೊರಲೆಂದು ಕೈಮುಗಿದುವು. 1866ರಿಂದ ನಗರಕ್ಕೆ ಸಾರ್ವಜನಿಕ ಅಗ್ನಿಶಾಮಕ ದಳ ಬಂದಿತು. ಮರುವರ್ಷ ಆ ಏಣಿಗಳೂ ಅದರ ವಶಕ್ಕೆ ಸೇರಿದುವು.

ಆದರೂ ಕಟ್ಟಡದ ಒಳಗೆ ಕಾನೂನು ಕಾಲಿಟ್ಟದ್ದು ನಿಧಾನವಾಗಿ. 1891ರ ಕಾರ್ಖಾನೆ ಶಾಸನ ನಲವತ್ತಕ್ಕಿಂತ ಹೆಚ್ಚು ಜನ ದುಡಿಯುವೆಡೆ ಪಾರಾಗುವ ದಾರಿಯನ್ನು ಕೇಳಿತು. ಅಂಗಡಿ ಕಚೇರಿಗಳ ಸರದಿ ಬಂದುದು, 1960ರಲ್ಲಿ ಲಿವರ್‌ಪೂಲ್ ನಗರದ ದೊಡ್ಡ ಮಳಿಗೆಯೊಂದರಲ್ಲಿ 11 ಮಂದಿ ಸತ್ತಮೇಲೆ. 1969ರ ಕ್ರಿಸ್ಮಸ್ಸಿನ ಮರುದಿನ ಸ್ಯಾಫ್ರನ್ ವಾಲ್ಡನ್ ಊರಿನ ಹೋಟೆಲಿನಲ್ಲಿ ಮತ್ತೆ 11 ಮಂದಿ. ಅದರ ಹಿಂದೆಯೇ 1971ರ ಶಾಸನ. ಅಧಿಕಾರಿ ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮ ಹೀಗೆ ಬೆಳೆಯಿತು. ಒಂದೊಂದು ಶಾಸನವೂ ಒಂದೊಂದು ಸ್ಮಶಾನವನ್ನು ದಾಟಿ ಬಂದಿದೆ ಎನ್ನಬೇಕು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2006ರ ಅಕ್ಟೋಬರ್‌ನಿಂದ ಈ ಕ್ರಮ ಬದಲಾಯಿತು. ಪ್ರಮಾಣಪತ್ರ ಹೋಗಿ, ಕಟ್ಟಡದ ಹೊಣೆ ಹೊತ್ತವನೇ ಅಪಾಯವನ್ನು ಅಂದಾಜು ಮಾಡತಕ್ಕದ್ದೆಂದಾಯಿತು: ಕಿಡಿ ಎಲ್ಲಿಂದ ಬಂದೀತು, ಅದಕ್ಕೆ ಆಹಾರ ಯಾವುದು, ಒಳಗೆ ಯಾರಿದ್ದಾರೆ, ಓಡಲಾರದವರು ಯಾರು? ಅಂಗಡಿ, ಕಚೇರಿ, ಹೋಟೆಲುಗಳಲ್ಲದೆ ಬಾಡಿಗೆಯ ವಠಾರಗಳ ಸಾಮಾನ್ಯ ಮೆಟ್ಟಿಲು, ಓಣಿಗಳೂ ಇದಕ್ಕೆ ಒಳಪಟ್ಟುವು. ಬಾರ್ಬನ್ ಕೇಳದೆ ಬಿಟ್ಟ ಪ್ರಶ್ನೆ ಕೊನೆಗೆ ಪಟ್ಟಿಯ ನಡುವೆಯೇ ಬಂದು ಕುಳಿತಿತು.

ಆದರೆ ಪ್ರಶ್ನೆ ಕಾಗದದ ಮೇಲಿದ್ದ ಮಾತ್ರಕ್ಕೆ ಉತ್ತರ ಸಿಕ್ಕಂತಾಗಲಿಲ್ಲ. 2017ರ ಜೂನ್ 14ರ ರಾತ್ರಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಕಟ್ಟಡ ಉರಿದು 72 ಮಂದಿ ತೀರಿಕೊಂಡರು. ಅದು ಬಹುಮಟ್ಟಿಗೆ ಪೌರಾಡಳಿತದ ಬಾಡಿಗೆ ಮನೆಗಳ ಕಟ್ಟಡ. ಅದರ ಅಪಾಯದ ಅಂದಾಜನ್ನೂ ಬರೆದಿಟ್ಟಿದ್ದರು. ಬೆಂಕಿ ಹಬ್ಬಿದ್ದು ಹೊರಗೋಡೆಗೆ ಹೊಸದಾಗಿ ತೊಡಿಸಿದ್ದ ಹೊದಿಕೆಯ ಮೂಲಕ. ಹೊರಗೋಡೆಯೂ ಅಂದಾಜಿಗೆ ಸೇರಿದುದೇ ಎಂದು ಶಾಸನ ಸ್ಪಷ್ಟಪಡಿಸಿದ್ದು 2021ರಲ್ಲಿ. ಅಲ್ಲಿ ಸಂಭವಿಸಿದ ಒಂದೊಂದು ಸಾವನ್ನೂ ತಪ್ಪಿಸಬಹುದಾಗಿತ್ತು ಎಂದು 2024ರ ಸೆಪ್ಟೆಂಬರ್‌ನಲ್ಲಿ ವಿಚಾರಣೆಯ ಅಂತಿಮ ವರದಿ ಸಾರಿತು. 1667ರಲ್ಲಿ ಲಂಡನ್ನಿನ ಶಾಸನ ಮೊದಲು ಕೈಹಾಕಿದ್ದೂ ಹೊರಗೋಡೆಗೇ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಅಪಾಯವನ್ನು ಅಳೆಯುವ ವಿದ್ಯೆ ಮನುಷ್ಯನಿಗೆ ಬಂದು ಮೂರು ಶತಮಾನಗಳು ಕಳೆದಿವೆ. ಅಳೆಯುವಾಗ ಯಾರನ್ನು ನೆನೆದು ಅಳೆಯಬೇಕು ಎಂಬ ಪಾಠವನ್ನು ಮಾತ್ರ ಆತ ಪ್ರತಿ ತಲೆಮಾರಿನಲ್ಲೂ ಹೊಸದಾಗಿ, ತುಂಬ ದುಬಾರಿ ಬೆಲೆ ತೆತ್ತು ಕಲಿಯುತ್ತಿದ್ದಾನೆ.